ಬಾಳೆಹಣ್ಣಿನ ಕಳ್ಳ

ಮಾರ್ಚ್ 3, ಬೆಳಿಗ್ಗೆ

ಆಲೂಗಡ್ಡೆ ಹೆಚ್ಚಿ ನೆನೆಹಾಕಿದ್ದಾಯಿತು. ಎರಡು ಸಲ ನೀರು ಬದಲಾಯಿಸಬೇಕು. ಆಮೇಲೆ ಬೇಯಿಸಬೇಕು. ಆ ನೀರನ್ನೂ ಚೆಲ್ಲಬೇಕು. ಉಳಿಯುವುದು ತರಕಾರಿಯ ಹೆಣ. ನಮ್ಮ ಮಹಾರಾಯರು ಅದನ್ನು ಮುಖ ಸಿಂಡರಿಸಿಕೊಂಡು ತಿನ್ನುತ್ತಾರೆ. ಕೆಟ್ಟಿರುವುದು ಅವರ ಕಿಡ್ನಿ, ಬೇಯುತ್ತಿರುವವಳು ನಾನು.

ರಕ್ತದಲ್ಲಿ ಪೊಟ್ಯಾಸಿಯಂ ಐದೂವರೆ; ಅದನ್ನು ಇಳಿಸಲೆಂದೇ ಈ ನೆನೆಸಿ ಚೆಲ್ಲುವ ಕೆಲಸ. ಇನ್ನೂ ಏರಿದರೆ ಹೃದಯ ಸದ್ದಿಲ್ಲದೆ ನಿಂತುಬಿಡಬಹುದಂತೆ. ಆಸ್ಪತ್ರೆಯ ಡಯಟ್ ಮೇಡಂ ಹೇಳಿದ್ದು. ಮೊನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗಿ. ಚಿತ್ರ ತೋರಿಸಿ, "ಇದು ಬಾಳೆಹಣ್ಣು ಅಮ್ಮಾ, ಇದು ಬೇಡ" ಎಂದಳು. ಬಾಳೆಹಣ್ಣು ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ ನೋಡಿ! ಅವಳು ಹೇಳದಿದ್ದುದನ್ನೂ ಮಾಡಿದ್ದೇನೆ — ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು. ದುಬಾರಿ. ಇರಲಿ, ತಲೆ ಇರುವವರು ಮನೆಯಲ್ಲಿ ಒಬ್ಬರಾದರೂ ಬೇಕಲ್ಲ.

ಮಾರ್ಚ್ 9

ನಾದಿನಿಯ ಆಗಮನ. ಕೈಯಲ್ಲಿ ಚೀಲದ ತುಂಬ ಕಿತ್ತಳೆ.

"ಒಂದು ತೊಳೆ ತಿಂದ್ರೆ ಏನಾಗುತ್ತೆ ಅತ್ತಿಗೆ? ಅಣ್ಣ ಎಷ್ಟು ಸೊರಗಿದಾನೆ ನೋಡಿ."

"ಸೊರಗಿದ್ರೂ ಇರ್ತಾರಲ್ಲ" ಎಂದೆ.

ಚೀಲ ಅವಳ ಜೊತೆಯೇ ವಾಪಸ್ಸು. ಅಣ್ಣನ ಮೇಲೆ ಪ್ರೀತಿಯಂತೆ ಪ್ರೀತಿ.

ಮಾರ್ಚ್ 24

ರಿಪೋರ್ಟ್ ಬಂತು. ಆರು ಪಾಯಿಂಟ್ ಮೂರು! ಮೈಯೆಲ್ಲ ಉರಿದುಹೋಯಿತು. ಕದ್ದು ತಿನ್ನುತ್ತಿದ್ದಾರೆ, ಇನ್ನೇನು? ಇವರ ಗಡಿಯಾರದ ಅಂಗಡಿಯ ಎದುರಿಗೇ ಹಣ್ಣಿನ ಗಾಡಿ ನಿಲ್ಲುತ್ತದೆ. ಷರ್ಟಿನ ಜೇಬು ತಡಕಿದೆ. ಏನೂ ಸಿಗಲಿಲ್ಲ. ಸಿಪ್ಪೆ ಜೇಬಲ್ಲಿ ಇಟ್ಟುಕೊಳ್ಳುವಷ್ಟು ದಡ್ಡರಲ್ಲ ಅಂತ ಕಾಣುತ್ತದೆ. ನೇರ ಅಂಗಡಿಗೇ ಹೋದೆ.

"ದೇವರಾಣೆ ತಿಂದಿಲ್ಲ ಕಣೇ."

"ಊರಿನ ಗಡಿಯಾರ ಎಲ್ಲ ರಿಪೇರಿ ಮಾಡ್ತೀರಿ, ನಿಮ್ಮ ನಾಲಿಗೆ ಒಂದು ರಿಪೇರಿ ಮಾಡ್ಕೊಳ್ಳೋಕೆ ಆಗಲ್ವಾ? ಬಾಳೆಹಣ್ಣಿನ ಕಳ್ಳ!"

ಗಿರಾಕಿಗಳು ಕಿಸಕ್ಕೆಂದರು. ಇವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿದರು. ತಪ್ಪು ಮಾಡಿದವರ ಲಕ್ಷಣ!

ಮಾರ್ಚ್ 26

ಈಗ ಬುತ್ತಿ ನಾನೇ ಒಯ್ಯುತ್ತೇನೆ. ಕೊನೆಯ ತುತ್ತಿನವರೆಗೂ ಎದುರೇ ಕೂರುತ್ತೇನೆ. ನಾದಿನಿಗೂ ಫೋನ್ ಮಾಡಿ ಅವಳಣ್ಣನ ಘನಕಾರ್ಯ ತಿಳಿಸಿದೆ. ಎಲ್ಲರಿಗೂ ಗೊತ್ತಾಗಲಿ.

ಏಪ್ರಿಲ್ 6, ಆಸ್ಪತ್ರೆ

ಬೆಳಿಗ್ಗೆ, "ಕಾಲಲ್ಲಿ ಶಕ್ತಿನೇ ಇಲ್ಲ ಕಣೇ" ಎಂದರು. ನಾಟಕ ಸಾಕು ಎಂದೆ. ಏಳಲು ಹೋಗಿ ಬಿದ್ದರು. ಏಳು ಪಾಯಿಂಟ್ ಒಂದು. ಎದೆಗೆ ವೈರು, ಕೈಗೆ ಡ್ರಿಪ್ಪು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮಧ್ಯಾಹ್ನ ಡಯಟ್ ಮೇಡಂ ಬಂದಳು. ಅಡುಗೆಯ ಬಗ್ಗೆ ಒಂದೊಂದಾಗಿ ಕೇಳಿದಳು. ಪಟಪಟ ಒಪ್ಪಿಸಿದೆ. "ಉಪ್ಪು?" ಎಂದಳು. ಅದನ್ನೂ ಹೇಳಿದೆ, ಜಂಬದಿಂದಲೇ.

ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು.

"ಅಮ್ಮಾ... ಸೋಡಿಯಂ ಕಮ್ಮಿ ಮಾಡಿ ಅದರ ಬದಲು ಹಾಕಿರೋದೇ ಪೊಟ್ಯಾಸಿಯಂ."

ದನಿ ಏರಿಸಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು. ಮೂರು ಹೊತ್ತೂ ನಾನೇ, ನನ್ನ ಕೈಯಾರೆ... ಇವರು ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಅಂದುಕೊಂಡೆ.

ಏಪ್ರಿಲ್ 7, ಸಂಜೆ

ಐದು ಪಾಯಿಂಟ್ ಎಂಟಕ್ಕೆ ಇಳಿದಿದೆ. ಕಾಲು ಆಡಿಸುತ್ತಿದ್ದಾರೆ. ಉಪ್ಪಿನ ವಿಷಯ ಇನ್ನೂ ಹೇಳಿಲ್ಲ. ನಾಚಿಕೆಗೆಟ್ಟ ಬಾಯಿ, ಬೈಯುವಾಗ ಮಾತ್ರ ಸಲೀಸು.

ನಾದಿನಿ ಬಂದವಳೇ ಶುರು ಹಚ್ಚಿಕೊಂಡಳು. "ಏನಣ್ಣ ಇದು, ಈ ವಯಸ್ಸಲ್ಲಿ ಕದ್ದು ತಿನ್ನೋದಾ? ಅತ್ತಿಗೆ ಅಷ್ಟು ಕಷ್ಟಪಡ್ತಿದ್ರೆ?"

ಇವರು ನನ್ನ ಕಡೆ ನೋಡಿದರು. ನಿನ್ನೆ ಎಚ್ಚರವಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ.

"ಹೂಂ ಕಣಮ್ಮ, ಒಂದೆರಡು ತಿಂದೆ. ಅವಳದೇನೂ ತಪ್ಪಿಲ್ಲ" ಎಂದರು.

ಸುಳ್ಳು ಹೇಳಲೂ ಬಾರದ ಮನುಷ್ಯ. ಕಿವಿಯೆಲ್ಲ ಕೆಂಪಗಾಗಿತ್ತು. ನನ್ನಂಥವಳಿಗೋಸ್ಕರ!

ನಾದಿನಿ ಕೆಳಗೆ ಕಾಫಿ ತರಲು ಹೋಗಿದ್ದಾಳೆ. ಬಂದ ತಕ್ಷಣ ಹೇಳಿಬಿಡಬೇಕು, ಇವರ ಎದುರಿಗೇ. ಬಾಗಿಲು ಸದ್ದಾಯಿತು. ಅವಳೇ. ಇವರು ಬೇಡ ಎಂದು ತಲೆಯಾಡಿಸುತ್ತಿದ್ದಾರೆ. ಇಲ್ಲ, ನಾನು ಹೇಳಿಯೇ ತೀರುತ್ತೇನೆ.