ಟ್ರಯಲ್ ರೂಮಿನ ಹಿಂದಿನ ಮೆಟ್ಟಿಲು

ಅಂಗಡಿಯ ಕಟಿಂಗ್ ಮೇಜು,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಂಡುಸೂಜಿ,

ಹೇಗಿದ್ದೀಯಮ್ಮಾ? ಹಾಸ್ಟೆಲಿನ ಊಟ ಸೇರ್ತಿದೆಯಾ, ನಿದ್ದೆ ಬರ್ತಿದೆಯಾ? 'ಚೆನ್ನಾಗಿದೀನಿ ಅಪ್ಪ' ಅನ್ನೋ ಉತ್ತರ ಬೇಡ. ಅದು ನನ್ನ ಹತ್ತಿರ ಬೇಕಾದಷ್ಟು ಸ್ಟಾಕ್ ಇದೆ. ಫೋನಿನಲ್ಲಿ ಕೇಳಿದರೆ ಅದನ್ನೇ ಕತ್ತರಿಸಿ ಕೈಗಿಡುತ್ತೀಯ, ಅದಕ್ಕೇ ಈ ಕಾಗದ. ನಾವಿಲ್ಲಿ ಕ್ಷೇಮ. ನಿಮ್ಮಮ್ಮನ ಮಂಡಿನೋವು ನಾನು ಏನಾದರೂ ಕೆಲಸ ಹೇಳಿದಾಗ ಮಾತ್ರ ಜಾಸ್ತಿಯಾಗುತ್ತದೆ. ನನ್ನ ಕನ್ನಡಕ ಎಂದಿನಂತೆ ಹಣೆಯ ಮೇಲೆ, ನಾನು ಎಂದಿನಂತೆ ಅದರ ಹುಡುಕಾಟದಲ್ಲಿ. ಕೊರತೆ ಒಂದೇ. ಎಲ್ಲಿ ಮುಟ್ಟಿದರೂ ಚುಚ್ಚುತ್ತಿದ್ದ ನೀನು ಈಚೆಗೆ ನನ್ನ ಜೊತೆ ಜಗಳವೇ ಆಡಿಲ್ಲ. ಕಳೆದ ವಾರ ಬೇಕೆಂದೇ ಕೆಣಕಿದೆ, ನರ್ಸಿಂಗ್ ಕಲಿಯೋರ ಯೂನಿಫಾರ್ಮಿಗೆ ಜೇಬು ಯಾಕೆ, ಇಡೋಕೆ ಏನಿದೆ ಅಂತ. ಮೊದಲಾಗಿದ್ದರೆ ನನ್ನ ಜನ್ಮ ಜಾಲಾಡಿಬಿಡುತ್ತಿದ್ದೆ. ಈ ಸಲ ನೀನು, 'ನೀನು ಹೇಳಿದ ಹಾಗೇ ಆಗಲಿ ಅಪ್ಪ' ಅಂದುಬಿಟ್ಟೆ. ಅವತ್ತಿನಿಂದ ನನ್ನ ಹೊಲಿಗೆ ನೆಟ್ಟಗೆ ಬೀಳುತ್ತಿಲ್ಲ.

ಇರಲಿ, ಸಮಾಚಾರಕ್ಕೆ ಬರ್ತೀನಿ. ನಮ್ಮ ಅಂಗಡಿ ಮೇಲಿನ ಕೋಣೆಗೆ ಒಬ್ಬರು ಡಾಕ್ಟರಮ್ಮ ಬಂದಿದ್ದಾರೆ. ಸ್ಟೆತಸ್ಕೋಪಿಲ್ಲ, ಸೂಜಿಯಿಲ್ಲ (ಸೂಜಿಗಳೆಲ್ಲ ಕೆಳಗೆ ನನ್ನ ಹತ್ತಿರವೇ), ಎರಡು ಕುರ್ಚಿ, ಒಂದು ಹೂಜಿ ನೀರು. ಮನಸ್ಸು ಕುಗ್ಗಿದ ನಿಮ್ಮ ವಯಸ್ಸಿನವರ ಮಾತು ಕೇಳೋದು, ದಾರಿ ಹೇಳೋದು ಅವರ ಕೆಲಸ. ಕಾಲೇಜು, ಡ್ಯೂಟಿ ಮುಗಿಸಿ ಬರಲಿ ಅಂತ ಸಂಜೆಯೇ ತೆರೆದಿರುತ್ತಾರೆ, ಕೈಲಾದಷ್ಟು ಕೊಟ್ಟರೆ ಸಾಕು, ಅಪ್ಪ ಅಮ್ಮನ ಸಹಿ ಬೇಕಿಲ್ಲ. ಇಷ್ಟೆಲ್ಲ ಅನುಕೂಲ ಮಾಡಿಟ್ಟು ಒಂದು ಎಡವಟ್ಟು ಮಾಡಿಕೊಂಡಿದ್ದರು. ಮೇಲೆ ಹೋಗುವ ಮೆಟ್ಟಿಲು ಸರಿಯಾಗಿ ಬಸ್‌ಸ್ಟಾಪಿನ ಬೆಂಚಿಗೆ ಎದುರು. ಆ ಬೆಂಚನ್ನು ನೀನು ಬಲ್ಲೆ. ಅಲ್ಲಿ ಕೂತ ಹಿರಿಯರಲ್ಲಿ ಒಬ್ಬರಿಗೂ ಬಸ್ಸು ಹತ್ತುವ ಉದ್ದೇಶವಿಲ್ಲ, ಬೀದಿಯಲ್ಲಿ ಯಾರು ಎಲ್ಲಿಗೆ ಹೋದರು ಅನ್ನೋದರ ಮೇಲ್ವಿಚಾರಣೆಗೆ ನೇಮಕವಾದವರು.

ಹುಡುಗ ಹುಡುಗಿಯರು ಬರುತ್ತಿದ್ದರು, ಬೋರ್ಡು ನೋಡುತ್ತಿದ್ದರು, ಬೆಂಚು ಅವರನ್ನು ನೋಡುತ್ತಿತ್ತು. ಶೂ ಲೇಸು ಕಟ್ಟುವವರ ಹಾಗೆ ಬಗ್ಗಿ, ಎದ್ದು, ವಾಪಸು. ಒಬ್ಬಳಂತೂ ಚಪ್ಪಲಿಗೂ ಲೇಸು ಕಟ್ಟಿದಳು. ಇನ್ನೊಬ್ಬ ಗಾಬರಿಯಲ್ಲಿ ನಮ್ಮ ಅಂಗಡಿಗೆ ನುಗ್ಗಿ, ಬಂದ ತಪ್ಪಿಗೆ ಪ್ಯಾಂಟಿನ ಅಳತೆ ಕೊಟ್ಟು ನಿಂತ. ಬಟ್ಟೆ ಎಲ್ಲಪ್ಪಾ ಅಂದರೆ ಕಣ್ಣು ಕಣ್ಣು ಬಿಟ್ಟ.

ಚಪ್ಪಲಿ ಹುಡುಗಿ ಮಾತ್ರ ಮತ್ತೆ ಮತ್ತೆ ಬಂದಳು. ಒಂದು ಸಂಜೆ ಅವಳು ನಿಂತ ರೀತಿ ನನಗೆ ಸರಿಬರಲಿಲ್ಲ. ಕಳೆದ ರಜೆ ಮುಗಿಸಿ ಹೊರಟಾಗ ಬ್ಯಾಗು ಹಿಡಿದು ನೀನು ಗೇಟಿನ ಹತ್ತಿರ ನಿಂತಿದ್ದೆಯಲ್ಲ, ಹೋಗೋದೋ ಇರೋದೋ ಯಾರದೋ ವಿಷಯ ಎಂಬಂತೆ, ಹಾಗೆ. ಬೆಂಚಿನಿಂದ ಯಾರೋ, 'ಏನಮ್ಮಾ, ತಲೆ ರಿಪೇರಿಗೆ ಬಂದೆಯಾ?' ಅಂದರು. ಉಳಿದವರು ನಕ್ಕರು. ಅವಳು ತಿರುಗಿ ನಡೆದಳು. ನನ್ನ ಕತ್ತರಿ ಯಾರದೋ ಕೋಟಿನ ತೋಳಿನ ಮೇಲೆ ಹಾಗೇ ನಿಂತಿತು. ಈಗ ಬಿಟ್ಟರೆ ಇವಳು ಇನ್ನು ಬರೋದಿಲ್ಲ ಅನ್ನಿಸಿತು. ಬಾಗಿಲಿಗೆ ಓಡಿ ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆ:

"ಏನಮ್ಮಾ, ನಿನ್ನ ಬಟ್ಟೆ ರೆಡಿ ಇದೆ. ಟ್ರಯಲ್ ನೋಡಿ ಹೋಗು."

ನನ್ನ ಜೀವಮಾನದಲ್ಲಿ ಯಾವ ಬಟ್ಟೆಯೂ ಹೇಳಿದ ದಿನಕ್ಕೆ ರೆಡಿ ಆಗಿದ್ದಿಲ್ಲ. ಯಾರೂ ಕೊಡದೇ ಇದ್ದ ಬಟ್ಟೆ ಮಾತ್ರ ಅವತ್ತು ರೆಡಿ ಇತ್ತು.

ಅವಳು ನಿಂತಳು. ನನ್ನನ್ನೇ ನೋಡಿದಳು. ಆಮೇಲೆ ಒಳಗೆ ಬಂದಳು. ನಿಮ್ಮಮ್ಮ ಒಂದು ಮಾತೂ ಕೇಳದೆ ಟ್ರಯಲ್ ರೂಮಿನ ಪರದೆ ಸರಿಸಿದಳು. ಅದರ ಹಿಂದೆ ಮೇಲಕ್ಕೆ ಹೋಗುವ ಹಳೆ ಮೆಟ್ಟಿಲಿದೆಯಲ್ಲ, ಚಿಕ್ಕವಳಿದ್ದಾಗ ನನ್ನ ಮೇಲೆ ಸಿಟ್ಟಾದರೆ ನೀನು ಹೋಗಿ ಕೂರುತ್ತಿದ್ದದ್ದು, ಅದನ್ನು ಚಿಂದಿ ಬಟ್ಟೆಯ ಮೂಟೆಗಳಿಂದ ತುಂಬಿಸಿಟ್ಟಿದ್ದೆವು. ಎಲ್ಲ ಎಳೆದು ಹಾಕಿದೆವು. ಮಂಡಿನೋವಿನವಳೇ ನನಗಿಂತ ಜೋರಾಗಿ ಎಳೆದಳು. ಹುಡುಗಿ ಮೇಲೆ ಹೋದಳು.

ಈಗ ಎಲ್ಲರಿಗೂ ಅದೇ ದಾರಿ. ಫೋನ್ ಮಾಡಿದವರಿಗೆ ಡಾಕ್ಟರಮ್ಮ, ಟೈಲರ್ ಹತ್ತಿರ ಟ್ರಯಲ್‌ಗೆ ಬಂದಿದ್ದೀನಿ ಅನ್ನಿ, ಸಾಕು ಅಂತಾರೆ. ನಿಮ್ಮ ಟ್ರಯಲ್ ರೂಮಿಗೆ ಹೋದವರು ಗಡ್ಡ ಬೆಳೆಸಿಕೊಂಡೇ ಹೊರಗೆ ಬರ್ತಾರಲ್ಲ, ನನಗೇ ವ್ಯಾಪಾರ ಅಂತಾನೆ ಪಕ್ಕದ ಸಲೂನಿನವನು. ನಿಜವಾಗಿಯೂ ಕೋಟಿನ ಟ್ರಯಲ್‌ಗೆ ಬಂದ ಮದುಮಗನೊಬ್ಬ ದಾರಿ ತಪ್ಪಿ ಮೇಲೆ ಹೋಗಿಬಿಟ್ಟ. ಬಹಳ ಹೊತ್ತಿನ ಮೇಲೆ ಇಳಿದು ಬಂದು, ಕೋಟು ಸರಿಯಾಗಿದೆ ಮಾಸ್ಟರೇ, ನಿದ್ದೆಯೇ ಸರಿಯಿಲ್ಲ, ಮುಂದಿನ ವಾರವೂ ಬರ್ತೀನಿ ಅಂದ. ಮೇಲೆ ಏನು ಮಾತಾಗುತ್ತದೋ ನಮಗೆ ಗೊತ್ತಿಲ್ಲ, ಕೇಳೋದೂ ಇಲ್ಲ. ದನಿ ಏರಿದ್ದು ಕೇಳಿಸಿದರೆ ನಾನು ಮೆಷಿನ್ ಜೋರಾಗಿ ತುಳಿಯುತ್ತೇನೆ.

ಚಪ್ಪಲಿ ಹುಡುಗಿ ಮೊನ್ನೆ ಹೋಗುವಾಗ, ನಮ್ಮ ಅಂಗಡಿಯ ಕನ್ನಡಿ ಸೊಟ್ಟ, ಮುಖ ಸೋರೆಕಾಯಿ ಥರ ಕಾಣುತ್ತೆ ಅಂತ ಜಗಳ ತೆಗೆದಳು. ನನಗೆ ಎಷ್ಟು ಸಂತೋಷವಾಯಿತು ಅಂತೀಯ.

ಅಮ್ಮ ನಿನ್ನ ತಲೆ ಸವರಿದಳು ಅಂತ ಬರೆಯೋಕೆ ಹೇಳಿದಳು. ನನ್ನ ಕೈಯನ್ನೂ ಸೇರಿಸಿಕೋ. ನೂರು ಕಾಲ ನನ್ನ ಜೊತೆ ಜಗಳ ಆಡಿಕೊಂಡು ಸುಖವಾಗಿರು.

ಇಂತಿ,
ಹೇಳಿದ ದಿನಕ್ಕೆ ಕೊಡದ ಟೈಲರ್,
ನಿನ್ನ ಅಪ್ಪ

ಮರೆತೆ ನೋಡು: ಶನಿವಾರ ಸಂಜೆ ಟ್ರಯಲ್‌ಗೆ ಒಬ್ಬರಿದ್ದಾರೆ ಅಂತ ಮೇಲೆ ಡಾಕ್ಟರಮ್ಮನಿಗೆ ಹೇಳಿಟ್ಟಿದ್ದೀನಿ. ಯಾರು ಅಂತ ಹೇಳಿಲ್ಲ, ಅಮ್ಮನಿಗೂ. ಬೆಳಿಗ್ಗೆ ಹಾಸ್ಟೆಲ್ ಗೇಟಿನ ಹತ್ತಿರ ನಾನೇ ಬಂದು ನಿಂತಿರ್ತೀನಿ. ಬಸ್ಸಿನಲ್ಲಿ ಏನೂ ಕೇಳೋದಿಲ್ಲ, ಕಿಟಕಿ ಸೀಟೂ ನಿನಗೇ. ಬೇಡ ಅನ್ನೋದಾದರೆ ಜಗಳ ಆಡಿ ಬೇಡ ಅನ್ನು, 'ಸರಿ ಅಪ್ಪ' ಅಂತ ಮಾತ್ರ ಅನ್ನಬೇಡ. ಬಾರಮ್ಮಾ, ನಿನ್ನ ಬಟ್ಟೆ ರೆಡಿ ಇದೆ.