ಅಣಬೆಯಲ್ಲ, ನನ್ನ ಜೀಪಿನ ಹೊಗೆ

ಹಳಿಯಾಳ, ಅಕ್ಟೋಬರ್ ೧೯೮೨

ಮೋಟಾರು ವಾಹನ ನಿರೀಕ್ಷಕರಿಗೆ,

ಮಾನ್ಯರೇ,

ಕಳೆದ ಶ್ರಾವಣದಲ್ಲಿ ದಾಂಡೇಲಿ–ಹಳಿಯಾಳ ರಸ್ತೆಯಲ್ಲಿ ನಾಲ್ವರು ಹೆಂಗಸರು ಜೀಪಿನೊಳಗೆ ಎಚ್ಚರ ತಪ್ಪಿ ಬಿದ್ದದ್ದು ಗಣೇಶಗುಡಿಯ ಕೂಲಿಕಾರರ ಕ್ಯಾಂಟೀನಿನಲ್ಲಿ ರೂಪಿಬಾಯಿ ಮಾಡಿದ ಅಣಬೆ ಪಲ್ಯದಿಂದಲ್ಲ. ನಾನು ನಡೆಸುತ್ತಿದ್ದ ಜೀಪಿನ ಹೊಗೆಯಿಂದ. "ವಾಹನದಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ" ಎಂದು ನೀವು ಬರೆದುಕೊಟ್ಟಿರಿ. ಆ ಒಂದು ಸಾಲನ್ನು ನಂಬಿ ಉಳಿದವರೆಲ್ಲ ತಮ್ಮ ತಮ್ಮ ಸಾಲು ಬರೆದರು, ಕೊನೆಗೆ ಎಲ್ಲ ಸಾಲುಗಳೂ ಸೇರಿ ಒಬ್ಬ ಹೆಂಗಸಿನ ಕೈಯಿಂದ ಸೌಟು ಕಸಿದುಕೊಂಡವು. ನೀವು ಬೇಕೆಂದೇ ಸುಳ್ಳು ಬರೆದಿರಿ ಎಂದು ನಾನು ಹೇಳುವುದಿಲ್ಲ. ನೀವು ಬಗ್ಗಿ ನೋಡದೆ ಬರೆದವರು. ನಾನು ಗೊತ್ತಿದ್ದೂ ಬಾಯಿ ಬಿಡದವನು. ಇಬ್ಬರಲ್ಲಿ ಯಾರಿಗೆ ಹೆಚ್ಚು ನಾಚಿಕೆಯಾಗಬೇಕು ಎಂಬುದನ್ನು ಇದನ್ನು ಓದುವವರು ಹೇಳಲಿ. ನನಗಂತೂ ಆಗಿದೆ.

ನಾನು ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು. ಮಾಸ್ತರರು ಹೊಡೆದರೆಂದಲ್ಲ, ಮನೆಯಲ್ಲಿ ತೊಂದರೆಯಿತ್ತೆಂದೂ ಅಲ್ಲ. ಒಂದು ಕಡೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಶಾಲೆಯಲ್ಲಿ ಒಂದು ಪರೀಕ್ಷೆಯನ್ನೂ ನೆಟ್ಟಗೆ ಪಾಸು ಮಾಡದ ನಾನು ಲೈಸೆನ್ಸಿಗೆಂದು ನಿಮ್ಮ ಮುಂದೆ ಬಂದು ಐದು ನಿಮಿಷದಲ್ಲಿ ಪಾಸಾದೆ. ಗಾಡಿಯನ್ನು ಮುಂದೆ ಒಯ್ಯಲು ಹೇಳಿದಿರಿ, ಒಯ್ದೆ. ಹಿಂದೆ ತರಲು ಹೇಳಿದಿರಿ, ತಂದೆ. ಎಡಕ್ಕೆ ಹೋಗುವ ಕೈಸನ್ನೆ, ಬಲಕ್ಕೆ ಹೋಗುವ ಕೈಸನ್ನೆ, ನಿಲ್ಲುವ ಕೈಸನ್ನೆ ಕೇಳಿದಿರಿ, ಮಾಡಿ ತೋರಿಸಿದೆ. ಸ್ಟೇರಿಂಗಿನ ಆಚೆ ನಾಲ್ಕು ಸಣ್ಣ ಗಡಿಯಾರಗಳಿದ್ದವು. ಅವುಗಳಲ್ಲಿ ಒಂದರ ಮೇಲಾದರೂ ಬೆರಳಿಟ್ಟು "ಇದು ಏನು ಹೇಳುತ್ತದೆ?" ಎಂದು ನೀವು ಕೇಳಿದ್ದರೆ ನಾನು ಅಲ್ಲೇ ನಪಾಸಾಗಿ ಮನೆಗೆ ಹೋಗುತ್ತಿದ್ದೆ. ರೂಪಿಬಾಯಿಯ ಪುಣ್ಯ ಅಷ್ಟಿರಲಿಲ್ಲ. ನೀವು ಕೇಳಲಿಲ್ಲ.

ಆ ಗಡಿಯಾರಗಳ ಬಗ್ಗೆ ನನಗೆ ಗೊತ್ತಿದ್ದದ್ದು ಏನೆಂದು ಬರೆಯಲು ಈಗ ಕೈ ಹಿಂದೇಟು ಹಾಕುತ್ತದೆ. ಆದರೂ ಬರೆಯುತ್ತೇನೆ. ನನಗೆ ಗಾಡಿ ಕಲಿಸಿದ ದುರ್ಗಪ್ಪ ಉಸ್ತಾದರನ್ನು ಮೊದಲ ದಿನವೇ ಕೇಳಿದ್ದೆ: ಒಂದು ಗಡಿಯಾರದ ಎಡಕ್ಕೆ ಇಂಗ್ಲಿಷಿನ ಸಿ ಇದೆ, ಬಲಕ್ಕೆ ಎಚ್ ಇದೆ, ನಡುವೆ ಮುಳ್ಳು ಆಡುತ್ತದೆ, ಇದು ಯಾಕೆ? ಅವರು ಬೀಡಿ ತುಟಿಯಿಂದ ತೆಗೆಯದೆಯೇ ಹೇಳಿದರು, "ಸಿ ಅಂದ್ರ ಕ್ಯಾಸಲ್‌ರಾಕ್, ಎಚ್ ಅಂದ್ರ ಹಳಿಯಾಳ. ಮುಳ್ಳು ಯಾವ ಕಡೆ ವಾಲ್ತೈತೋ ಗಾಡಿ ಆ ಕಡೆ ಹೊಂಟೈತಿ ಅಂತ ತಿಳ್ಕೊ." ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ನಂಬಿದೆ. ಯಾಕೆಂದರೆ ಬೆಳಿಗ್ಗೆ ಜೊಯಿಡಾದ ತಂಪಿನಲ್ಲಿ ಗಾಡಿ ಚಾಲೂ ಮಾಡಿದಾಗ ಮುಳ್ಳು ನಿಜವಾಗಿಯೂ ಸಿ ಹತ್ತಿರ ಇರುತ್ತಿತ್ತು, ಹಳಿಯಾಳ ಸಮೀಪಿಸುವ ಹೊತ್ತಿಗೆ ಎಚ್ ಕಡೆ ಸರಿಯುತ್ತಿತ್ತು. ಇನ್ನೊಂದು ಗಡಿಯಾರದ ಮುಳ್ಳು ಸದಾ ಎಡಕ್ಕೆ ಒರಗಿರುತ್ತಿತ್ತು. "ಅದು ಸತ್ತ ಗಡಿಯಾರ, ಬಿಡು" ಎಂದಿದ್ದರು. ಅದನ್ನೂ ಬಿಟ್ಟೆ. ಮತ್ತೆ ಕೇಳಿದರೆ ದಡ್ಡ ಅಂದಾರು ಎಂದು ಎರಡು ವರ್ಷ ಯಾರನ್ನೂ ಕೇಳಲಿಲ್ಲ.

ಶ್ರಾವಣದ ಎರಡನೇ ಸೋಮವಾರ. ಮಳೆ ಜೋರಾಗಿ ಗಣೇಶಗುಡಿಯ ಅಣೆಕಟ್ಟಿನ ಕೆಲಸ ನಿಂತಿತ್ತು. ಹಳಿಯಾಳದ ಕಡೆಯ ಕೂಲಿಗಳನ್ನು ಮನೆಗೆ ಬಿಟ್ಟು ಬಾ ಎಂದು ಜೀಪಿನ ಮಾಲಕ ಬಸಲಿಂಗಯ್ಯನವರು ನನಗೆ ಹೇಳಿದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಮುಗಿಸಿ ಹೊರಟೆವು. ಹಿಂದೆ ಶಂಕ್ರವ್ವ, ಕ್ರಿಸ್ತಿನಾ, ಬಾನು, ಮರಿಯಾ ಕೂತರು. ಮುಂದೆ ನನ್ನ ಪಕ್ಕ ಪೆದ್ರು. ಮಳೆ ಒಳಗೆ ಬಾರದಂತೆ ಹಿಂದಿನ ತಾಡಪತ್ರಿ ಪರದೆಗಳನ್ನೆಲ್ಲ ನಾನೇ ಬಿಗಿಯಾಗಿ ಕಟ್ಟಿದೆ. ಕೈಸನ್ನೆ ಮಾಡಬೇಕಲ್ಲ, ಆದ್ದರಿಂದ ಮುಂದಿನದನ್ನು ಮಾತ್ರ ಸುತ್ತಿ ಮೇಲಕ್ಕೆ ಕಟ್ಟಿದ್ದೆ. ನೀವು ಪರೀಕ್ಷೆಯಲ್ಲಿ ಕೇಳಿದ ಆ ಕೈಸನ್ನೆಯೇ ಅಂದು ನನ್ನನ್ನೂ ಪೆದ್ರುವನ್ನೂ ಉಳಿಸಿತು. ಅದಕ್ಕೆ ನಿಮಗೆ ಧನ್ಯವಾದ ಹೇಳಲೇಬೇಕು.

ದಾಂಡೇಲಿ ದಾಟುತ್ತಲೇ ಬಾನು ಹಿಂದಿನಿಂದ ಕೂಗಿದಳು, "ಸಂತಾನಣ್ಣಾ, ಒಳಗ ಹೊಗಿ ವಾಸನಿ ಬರಾಕತ್ತೈತಿ ನೋಡು."

"ಜೀಪಿನಾಗ ಹೊಗಿ ವಾಸನಿ ಬರದ ಮಲ್ಲಿಗಿ ವಾಸನಿ ಬರ್ತೈತೇನವಾ?" ಎಂದೆ.

ಪೆದ್ರು ತೊಡೆ ತಟ್ಟಿ ನಕ್ಕ. ಸ್ವಲ್ಪ ಹೊತ್ತಿಗೆ ಶಂಕ್ರವ್ವ, "ತಮ್ಮಾ, ತಲಿ ಸಿಡಿಯಾಕತ್ತೈತಿ, ಒಂದೀಟು ನಿಂದರ್ಸೋ" ಎಂದಳು. "ಗಾಡಿ ಹತ್ತಿ ರೂಢಿ ಇಲ್ಲ ನಿನಗ, ಲಿಂಬಿಹಣ್ಣು ಮೂಸು ಆಯಿ" ಎಂದೆ. ಮುಳ್ಳು ಎಚ್ ಮುಟ್ಟಿತ್ತು. ಹಳಿಯಾಳ ಬಂತು ಎಂದುಕೊಂಡೆ. ಹಳಿಯಾಳ ಇನ್ನೂ ನಾಲ್ಕು ಮೈಲಿ ಇತ್ತು. ಬಾನೆಟ್ಟಿನಿಂದ ಹಬೆ ಎದ್ದಿತು.

ಗಾಡಿ ನಿಲ್ಲಿಸಿದೆ, ಇಂಜಿನ್ ನಿಲ್ಲಿಸಲಿಲ್ಲ. ಬ್ಯಾಟರಿ ಸೋತಿತ್ತು. ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗದು, ಆ ಕೆಸರಿನಲ್ಲಿ ಹೆಂಗಸರಿಂದ ತಳ್ಳಿಸುವುದು ಹೇಗೆ ಎಂಬುದು ನನ್ನ ಲೆಕ್ಕ. ಡಬ್ಬಿ ಹಿಡಿದು ನಾನೂ ಪೆದ್ರುವೂ ಹಳ್ಳಕ್ಕೆ ಇಳಿದೆವು. ಒಳಗಿನಿಂದ ಮಾತು ಕೇಳಲಿಲ್ಲ. ಮಲಗಿದ್ದಾರೆ, ಒಳ್ಳೆಯದಾಯಿತು ಎಂದುಕೊಂಡೆ. ಜಾರುವ ದಿಬ್ಬ, ಎರಡು ಸಲ ಹೋಗಿ ಬಂದೆವು. ಅರ್ಧ ಗಂಟೆ ಆಗಿರಬೇಕು. ಆ ಅರ್ಧ ಗಂಟೆ ಇಂಜಿನ್ ತಿರುಗುತ್ತಲೇ ಇತ್ತು. ನೀರು ಹಾಕಿ ಮುಗಿಸಿ, "ಏಳ್ರಿ, ಹೋಗೂಣು" ಎಂದು ಪರದೆ ಬಿಚ್ಚಿದರೆ ನಾಲ್ವರೂ ಒಬ್ಬರ ಮೇಲೊಬ್ಬರು ಒರಗಿ ಬಿದ್ದಿದ್ದರು. ಮರಿಯಾಳ ಬಾಯಿಯಿಂದ ವಾಂತಿ ಇಳಿದಿತ್ತು. ಅಲ್ಲಾಡಿಸಿದರೂ ಯಾರೂ ಕಣ್ಣು ಬಿಡಲಿಲ್ಲ.

ಪರದೆಗಳನ್ನು ಕಟ್ಟುವಷ್ಟು ಪುರಸೊತ್ತು ಇರಲಿಲ್ಲ. ಹಾಗೆಯೇ ಹಾರಾಡಲು ಬಿಟ್ಟು ಆಸ್ಪತ್ರೆಗೆ ಓಡಿಸಿದೆ. ದಾರಿಯಲ್ಲಿ ಗಾಳಿ ಬಡಿದು ಬಾನು ನರಳಿದಳು, ಆಮೇಲೆ ಕ್ರಿಸ್ತಿನಾ. ವಿಷ ತಿಂದವರು ಗಾಳಿಗೆ ಏಳುತ್ತಾರೆಯೇ ಎಂದು ನನಗೆ ಆಗಲೇ ಅನಿಸಬೇಕಿತ್ತು. ಆಸ್ಪತ್ರೆಯಲ್ಲಿ ಮೊದಲು ಕೇಳಿದ ಪ್ರಶ್ನೆ, "ಏನು ತಿಂದಿದ್ದರು?" ಪೆದ್ರು ಇದ್ದದ್ದನ್ನು ಹೇಳಿದ, "ಅಣಬಿ ಪಲ್ಯ, ರೊಟ್ಟಿ." ಅಲ್ಲಿಗೆ ಎಲ್ಲರಿಗೂ ಎಲ್ಲವೂ ತಿಳಿದುಹೋಯಿತು. ದೇವರ ದಯೆ, ನಾಲ್ವರೂ ಬದುಕಿದರು.

ಮೂರನೇ ದಿನ ನೀವು ಬಂದಿರಿ. ಪೊಲೀಸರು ತಡೆದಿಟ್ಟ ಜೀಪು ಠಾಣೆಯ ಅಂಗಳದಲ್ಲಿ ನಿಂತಿತ್ತು, ಕೆಳಗೆ ಮೊಣಕಾಲಿನ ತನಕ ಕೆಸರು. ಒಬ್ಬರು ನಿಮಗೆ ಕೊಡೆ ಹಿಡಿದಿದ್ದರು. ಹಾರ್ನ್ ಒತ್ತಿದಿರಿ, ಬ್ರೇಕು ತುಳಿದಿರಿ, ದೀಪ ಹಚ್ಚಿ ಆರಿಸಿದಿರಿ. ನಾನು ಹತ್ತಿರ ಬಂದು ಹೇಳಿದೆ, "ಸಾಹೇಬ್ರ, ಒಂದ್ ಸಲ ಕೆಳಗ ನೋಡ್ರಿ. ಒಳಗ ಹೊಗಿ ಬರ್ತಿತ್ತು ಅಂತ ಹೆಣ್ಮಕ್ಕಳು ಅಂದಿದ್ರು."

ನೀವು ಹೇಳಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಹೊಗಿಗೆ ಮಂದಿ ಎಚ್ಚರ ತಪ್ಪೂದಾದ್ರ ಊರಾಗಿನ ಹೆಂಗಸರೆಲ್ಲ ಒಲಿ ಮುಂದಽ ಬಿದ್ದಿರ್ತಿದ್ರಲ್ಲೋ! ಲೈಸೆನ್ಸು ಬೇಕೋ ಬ್ಯಾಡೋ ನಿನಗ?"

ಬೇಕಿತ್ತು, ಮಾನ್ಯರೇ. ಜೀವನದಲ್ಲಿ ನಾನು ಪಾಸಾದ ಒಂದೇ ಪರೀಕ್ಷೆ ಅದು. ಸುಮ್ಮನಾದೆ. ಆ ದಿನ ನನಗಿದ್ದದ್ದು ಸಂಶಯ ಮಾತ್ರ, ಆದ್ದರಿಂದ ಆ ಮೌನವನ್ನು ಯಾರಾದರೂ ಕ್ಷಮಿಸಬಹುದು. ಮುಂದಿನದನ್ನು ಕ್ಷಮಿಸಲಾಗದು.

ಎರಡು ವಾರ ಕಳೆದ ಮೇಲೆ ಶಂಕ್ರವ್ವನನ್ನು ನೋಡಲು ಹೋದೆ. ಅಣಬೆಯ ಮಾತು ತೆಗೆದೆ. ಮುದುಕಿ ಸಿಟ್ಟಾದಳು. "ಯಾವ ಅಣಬಿ? ಅವತ್ತು ಶ್ರಾವಣ ಸೋಮಾರ. ನೀರು ಬಿಟ್ರ ನಾ ಏನೂ ಮುಟ್ಟಿಲ್ಲ. ದವಾಖಾನ್ಯಾಗ ಏನ್ ತಿಂದೀ ಅಂತ ಕೇಳಿದ್ರು, ಉಪಾಸ ಇದ್ದೇನಪಾ ಅಂದೆ. ಮುದುಕಿಗಿ ನೆನಪು ಹೋಗೈತಿ ಅಂತ ಬರಕೊಂಡ್ರು!"

ಅಲ್ಲಿಂದ ನೇರ ಪೆದ್ರುವಿನ ಮನೆಗೆ ಹೋದೆ. "ನಾ ಎರಡ್ ಸಲ ಹಾಕಿಸ್ಕೊಂಡು ಉಂಡೇನಿ" ಎಂದ ಅವನು, "ಹೊಟ್ಟಿ ಸೈತ ಗುಡುಗಿಲ್ಲ." ತಿನ್ನದವಳು ಬಿದ್ದಳು, ಎರಡು ಪಟ್ಟು ತಿಂದವನು ಗಟ್ಟಿಯಾಗಿದ್ದಾನೆ. ಏಳನೇ ಇಯತ್ತೆ ಬಿಟ್ಟವನಿಗೆ ಅರ್ಥವಾಗುವ ಈ ಲೆಕ್ಕ ಇಷ್ಟು ಜನ ಓದಿದವರ ಕಾಗದದಲ್ಲಿ ಯಾಕೆ ಅರ್ಥವಾಗಲಿಲ್ಲ? ಕಾಡಿನ ಅಂಚಿನ ಜನ, ಏನೇನೋ ಕಿತ್ತು ತಿನ್ನುತ್ತಾರೆ ಎಂದು ನಂಬುವುದು ಕೆಸರಿನಲ್ಲಿ ಬಗ್ಗಿ ನೋಡುವುದಕ್ಕಿಂತ ಸುಲಭ ಎಂದೇ?

ಠಾಣೆಯಿಂದ ಬಿಡಿಸಿದ ಜೀಪನ್ನು ಬಸಲಿಂಗಯ್ಯನವರು ದಾಂಡೇಲಿಯ ಇಸ್ಮಾಯಿಲ್ ಮೇಸ್ತ್ರಿಯ ಗ್ಯಾರೇಜಿಗೆ ಕಳಿಸಿ ಸೈಲೆನ್ಸರ್ ಪೈಪು ಹೊಸದು ಹಾಕಿಸಿದ್ದರು. ನಾನು ಅಲ್ಲಿಗೆ ಹೋದಾಗ ಹಳೆಯದು ಮೂಲೆಯಲ್ಲಿ ಬಿದ್ದಿತ್ತು. ಜೋಡಣೆಯ ಕಡೆ ಅಂಗೈ ತೂರುವಷ್ಟು ಬಾಯಿ ತೆರೆದಿತ್ತು. ಆ ಜೋಡಣೆ ಇದ್ದ ಜಾಗದ ನೇರ ಮೇಲೆ ಜೀಪಿನ ನೆಲದ ತಗಡು ತುಕ್ಕು ಹಿಡಿದು ತೂತಾಗಿತ್ತು, ಅದರ ಮೇಲೆ ಗೋಣಿಚೀಲ ಹಾಸಿದವನು ನಾನೇ. ಪೆಟ್ರೋಲ್ ಇಂಜಿನ್ನಿನ ಹೊಗೆಯಲ್ಲಿ ಕಣ್ಣಿಗೆ ಕಾಣದ, ತನ್ನದೇ ವಾಸನೆಯೂ ಇಲ್ಲದ ವಿಷವಿದೆ, ಮುಚ್ಚಿದ ಜಾಗದಲ್ಲಿ ತಲೆನೋವು ಬರಿಸಿ, ನಿದ್ದೆ ಬರಿಸಿ, ಕೊಲ್ಲುತ್ತದೆ ಎಂದು ಮೇಸ್ತ್ರಿ ತಿಳಿಸಿ ಹೇಳಿದರು. ಆಮೇಲೆ ಗಡಿಯಾರಗಳ ಮಾತು ಬಂತು. ಸಿ ಎಂದರೆ ತಣ್ಣಗೆ, ಎಚ್ ಎಂದರೆ ಬಿಸಿ, ಮುಳ್ಳು ಎಚ್ ಮುಟ್ಟಿದರೆ ಇಂಜಿನ್ನಿನ ನೀರು ಕುದಿಯುತ್ತಿದೆ ಎಂದು ಅರ್ಥ. ನಾನು ಹಳಿಯಾಳದ ಕಥೆ ಹೇಳಿದಾಗ ಗ್ಯಾರೇಜಿನವರು ಬೋಲ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. "ಆ ಇನ್ನೊಂದು ಗಡಿಯಾರ ಸತ್ತಿದ್ದಿಲ್ಲೋ ಬೇಟಾ. ಡೈನಮೊ ಕೆಲಸಾ ಮಾಡವಲ್ದು, ಬ್ಯಾಟ್ರಿ ಸಾಯಾಕತ್ತೈತಿ ಅಂತ ನಿನಗ ದಿನಾ ಹೇಳ್ತಿತ್ತು" ಎಂದರು. ಅದರ ಮಾತು ನನಗೆ ತಿಳಿದಿದ್ದರೆ ಡೈನಮೊ ಸರಿ ಮಾಡಿಸುತ್ತಿದ್ದೆ. ಅಂದು ಇಂಜಿನ್ ನಿಲ್ಲಿಸಿಯೇ ಹಳ್ಳಕ್ಕೆ ಇಳಿಯುತ್ತಿದ್ದೆ.

ಇಷ್ಟೆಲ್ಲ ತಿಳಿದ ಮೇಲೂ ಒಂದು ತಿಂಗಳು ನಾನು ಬಾಯಿ ಮುಚ್ಚಿಕೊಂಡಿದ್ದೆ. ಇದನ್ನು ಬರೆಯಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ಹೊಸ ಪೈಪಿನ ಜೀಪನ್ನು ಓಡಿಸಿಕೊಂಡು ತಿರುಗಿದೆ. ಅಷ್ಟರಲ್ಲಿ ರೂಪಿಬಾಯಿಯನ್ನು ಕ್ಯಾಂಟೀನಿನಿಂದ ತೆಗೆದರು. ಪೇಟೆಯಲ್ಲಿ "ಅಣಬಿ ರೂಪಿ ಬಂದ್ಳು" ಎಂದು ಕೂಗುವುದನ್ನು ನಾನೇ ಕೇಳಿದ್ದೇನೆ. ಕೇಳಿ, ಗೇರು ಬದಲಿಸಿ, ಮುಂದೆ ಹೋಗಿದ್ದೇನೆ. ಅವಳ ತಂಗಿಯ ಮಗುವಿಗೆ ಹೆಸರಿಡುವ ದಿನ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲವಂತೆ. "ನೀ ದಣದೀಯಕ್ಕಾ, ಹೊರಗ ಕುಂದರು" ಎಂದರಂತೆ. ಇಪ್ಪತ್ತು ವರ್ಷ ನೂರಾರು ಜನಕ್ಕೆ ಅನ್ನ ಬಡಿಸಿದವಳನ್ನು ಇಷ್ಟು ಮರ್ಯಾದೆಯಿಂದ ಅವಮಾನ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಕೇಳಿದ ಮೇಲೆ ನನ್ನಿಂದ ಆಗಲಿಲ್ಲ. ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಅತ್ತೆ.

ಅವಳು ನನ್ನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. "ನನ್ನ ಮುಂದ ಅತ್ರ ಏನ್ ಬಂತೋ ಸಂತಾನ?" ಎಂದಳು. "ನನ್ನ ಅಣಬಿ ಚಲೋ ಇದ್ವು ಅಂತ ನನಗ ಮೊದಲಽ ಗೊತ್ತಿತ್ತು. ಗೊತ್ತಿಲ್ಲದವ್ರಿಗೆ ಹೋಗಿ ಹೇಳು."

ಅದಕ್ಕೇ ಇದನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸದೆ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಒಂದು ಸಾಲನ್ನು ನೀವೇ ತಿದ್ದಬೇಕು. ಒಡೆದ ಪೈಪನ್ನು ಮುಂದಿನ ಸೋಮವಾರ ನಿಮ್ಮ ಕಚೇರಿಗೆ ಹೊತ್ತು ತರುತ್ತೇನೆ, ಪೆದ್ರುವೂ ಶಂಕ್ರವ್ವನೂ ಹೇಳಿಕೆ ಕೊಡಲು ಒಪ್ಪಿದ್ದಾರೆ. ನನ್ನ ಲೈಸೆನ್ಸನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ನೆಟ್ಟಗೆ ಪರೀಕ್ಷೆ ಮಾಡಿ, ಪಾಸಾದರೆ ಮಾತ್ರ ತಿರುಗಿ ಕೊಡಿ. ನನ್ನ ಮೇಲೆ ಖಟ್ಲೆ ಹಾಕುವುದಿದ್ದರೆ ಹಾಕಿ, ತಪ್ಪೊಪ್ಪಿಗೆಗೆ ಬೇರೆ ಕಾಗದ ಬೇಡ, ಇದೇ ಸಾಕು. ನಿಮ್ಮ ಮಾನ ಉಳಿಯಬೇಕಾದರೆ, ಚಾಲಕನು ವಿಷಯ ಮುಚ್ಚಿಟ್ಟಿದ್ದ ಎಂದೂ ಬರೆದುಕೊಳ್ಳಿ, ಅದು ಸುಳ್ಳೇನಲ್ಲ. ಆದರೆ "ಆಹಾರದಲ್ಲಿ ದೋಷವಿರಲಿಲ್ಲ" ಎಂದು ಯಾರದೂ ಹೆಸರಿಲ್ಲದೆ ಬರೆದು ಮುಗಿಸಬೇಡಿ. ತಪ್ಪು ಹೊರಿಸುವಾಗ ಕಾಗದದಲ್ಲಿ ಅವಳ ಹೆಸರು, ಗಂಡನ ಹೆಸರು, ಊರು, ವಯಸ್ಸು ಎಲ್ಲವೂ ಇತ್ತು. ತಪ್ಪಿಲ್ಲ ಎನ್ನುವಾಗಲೂ ಅಷ್ಟೂ ಇರಬೇಕು.

ಇಂತಿ,
ನಿಮ್ಮ ಸಹಿಯಿಂದ ಡ್ರೈವರ್ ಆಗಿದ್ದವನು,
ಸಂತಾನ