ಭಾನುವಾರ ಬೀಗ ಹಾಕಬೇಡಿ

ಅಜ್ಜಂಪುರ,
ಶುಕ್ರವಾರ

ಮಲ್ಲಿಕಾರ್ಜುನಯ್ಯ ಸರ್‌ಗೆ ಸ್ಫೂರ್ತಿಯ ನಮಸ್ಕಾರ.

ಬೆಳಿಗ್ಗೆ ಗ್ರೂಪಲ್ಲಿ ನಮ್ಮ ಪಂಕಜಾಕ್ಷಿ ಮೇಡಂ ಫೋಟೋ ಬಂತು. ಏನೋ ಪ್ರಶಸ್ತಿ ಬಂದಿರಬೇಕು ಅಂತ ಚಪ್ಪಾಳೆ ಇಮೋಜಿ ಹಾಕಿಬಿಟ್ಟೆ. ಆಮೇಲೆ ಕೆಳಗೆ ‘ಹೃದಯಾಘಾತದಿಂದ ನಿಧನ’ ಅಂತ ಓದಿದೆ, ಸರ್. ಮೊನ್ನೆ ತಾನೆ ‘ಭಾನುವಾರ ಬೇಗ ಬಾರೇ’ ಅಂತ ವಾಯ್ಸ್ ಮೆಸೇಜ್ ಕಳಿಸಿದ್ರು. ಬಾಳಸಂಗಾತಿನ ಕಳ್ಕೊಂಡ ನಿಮಗೆ ಫೋನ್ ಮಾಡೋಣ ಅಂದ್ರೆ ಬಾಯಿಂದ ಮಾತೇ ಹೊರಡ್ತಿಲ್ಲ. ಅದಕ್ಕೇ ಬರೆದು, ಕಡೂರಿಗೆ ಹೊರಟ ಅಣ್ಣನ ಕೈಲಿ ಕಳಿಸ್ತಿದ್ದೀನಿ.

ಚಿಕ್ಕವಳಿದ್ದಾಗಲೂ ನಾನು ಹಿಂಗೇ ಇದ್ದೆ. ಸ್ಕೂಲಲ್ಲಿ ಒಂದು ಮಾತೂ ಆಡ್ತಿರಲಿಲ್ಲ. ಮನೆಯವರು ಕರ್ಕೊಂಡು ಹೋದಾಗ, ಮಕ್ಕಳ ಮನೋವೈದ್ಯೆ ಅಂತ ಅಷ್ಟು ಹೆಸರು ಮಾಡಿದ್ದ ಮೇಡಂ ನನ್ನ ಏನೂ ಕೇಳಲಿಲ್ಲ. ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸ್ತಾ, ಕಾಳನ್ನೆಲ್ಲ ಸಿಪ್ಪೆ ಗುಡ್ಡೆಗೆ ಹಾಕ್ತಿದ್ರು. ನಂಗೆ ತಡೆಯೋಕಾಗಲಿಲ್ಲ, ಬಾಯಿಂದ ಮಾತು ಬಂದೇಬಿಡ್ತು.

“ಅಯ್ಯೋ, ಹಂಗಲ್ಲ ಆಂಟಿ, ಕಾಳು ಇತ್ಲಾಗೆ!”

“ಹಂಗಾದ್ರೆ ನೀನೇ ಹೇಳ್ಕೊಡವ್ವ, ನಂಗೆ ಗೊತ್ತಾಗಲ್ಲ” ಅಂದ್ರು.

ಈಗ ಎರಡು ವರ್ಷದಿಂದ ಅವರ ಹತ್ರಾನೇ ಕೆಲಸ ಕಲೀತಿದ್ದೆ.

ಒಂದು ಕೇಳ್ಕೋತೀನಿ, ಸರ್. ಈ ಭಾನುವಾರ, ಮೇಡಂ ಮಕ್ಕಳನ್ನ ನೋಡ್ತಿದ್ದ ತರೀಕೆರೆ ರೂಮಿಗೆ ಬೀಗ ಹಾಕಬೇಡಿ. ಹಿರೇನಲ್ಲೂರಿಂದ ಪುಟ್ಟ ಕೃತಿಕಾ ಬರ್ತಾಳೆ, ಅವಳೂ ನನ್ನ ಹಾಗೇ ಮಾತಾಡದವಳು. ಹೋದ ವಾರ ಮೊದಲ ಸಲ ಅವಳ ತುಟಿ ಅಲ್ಲಾಡಿತ್ತು. ಬಾಗಿಲು ಹಾಕಿದ್ರೆ, ಮೇಡಂ ಎಲ್ಲಿ ಅಂತ ಕೇಳೋಕೂ ಆಗಲ್ಲ ಆ ಮಗೂಗೆ.

ಬೀಗದ ಕೈ ಅಣ್ಣನ ಹತ್ರ ಕೊಡಿ, ನಾನೇ ಹೋಗಿ ಬಾಗಿಲು ತೆಗೀತೀನಿ. ನೀವು ಒಂದು ತುತ್ತಾದ್ರೂ ಊಟ ಮಾಡಿ.

ಅವರೆಕಾಯಿ ನಾನೇ ತರ್ತೀನಿ. ಬೇಕಂತಲೇ ತಪ್ಪಾಗಿ ಬಿಡಿಸೋದನ್ನ ಮೇಡಂ ನಂಗೆ ಕಲಿಸಿದ್ದಾರೆ.

ಇಂತಿ,
ನಿಮ್ಮ ಮನೆ ಹುಡುಗಿ
ಸ್ಫೂರ್ತಿ